ಬುಮ್ರಾ ಆಕ್ಷನ್ನಾ, ವಕಾರ್ ಆಕ್ಷನ್ನಾ? ಹುಡುಗ ಯಾರನ್ನು ನೋಡಿ ಕಲಿಯಬೇಕು?

ದಾವಣಗೆರೆ_ಮಿಡ್‌ಆನ್:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಾದ ಬಗೆಹರಿಯುತ್ತಿಲ್ಲ, ನೀವಾದರೂ ತೀರ್ಪು ಹೇಳಿ.

ನಮ್ಮ ಭಾವ ತೊಂಬತ್ತರ ದಶಕದ ಕ್ರಿಕೆಟ್ ನೋಡಿ ಬೆಳೆದವರು. ಅವರ ಪ್ರಕಾರ ಫಾಸ್ಟ್ ಬೌಲಿಂಗ್ ಅಂದರೆ ಪಾಕಿಸ್ತಾನ. ವಾಸಿಂ, ವಕಾರ್, ಶೋಯೆಬ್, ಈಗ ಶಾಹೀನ್. "ಅವರ ಆಕ್ಷನ್ ನೋಡೋಕೇ ಎರಡು ಕಣ್ಣು ಸಾಲದು. ನಿಮ್ಮ ಬುಮ್ರಾ ಎಡವುತ್ತಾ ಬಂದು ಕೈ ಬೀಸುತ್ತಾನೆ, ಮೊಣಕೈ ಬೇರೆ ಸೊಟ್ಟ" ಎನ್ನುತ್ತಾರೆ. ಅವರ ಮಗನಿಗೆ 14 ವರ್ಷ. ಅವನು ಥೇಟ್ ಬುಮ್ರಾ ಥರವೇ ಕೈ ಮುಂದೆ ಚಾಚಿಕೊಂಡು ಬೌಲಿಂಗ್ ಮಾಡುತ್ತಾನೆ. ಕೋಚ್ ಬೇಡ ಅನ್ನುತ್ತಾರೆ, ಅವನು ಕೇಳುವುದಿಲ್ಲ. ಅಪ್ಪ ವಕಾರ್ ವಿಡಿಯೋ ಹಾಕಿ ಕೂರಿಸುತ್ತಾರೆ, ಅದನ್ನೂ ನೋಡುವುದಿಲ್ಲ.

ನನ್ನ ಪ್ರಶ್ನೆ ಎರಡು. ಎರಡು ದೇಶದ ಬೌಲರ್‌ಗಳ ಆಕ್ಷನ್‌ನಲ್ಲಿ ನಿಜವಾಗಿಯೂ ಅಷ್ಟು ವ್ಯತ್ಯಾಸ ಇದೆಯಾ? ಹುಡುಗನ ಆಕ್ಷನ್ ಬದಲಾಯಿಸಬೇಕಾ?

ನೋಬಾಲ್_ನಾಗ:

ಭಾವನ ಮಾತಿನಲ್ಲಿ ಅರ್ಧ ನಿಜ ಇದೆ ಗುರು. ಆದರೆ ಆ ಮೊಣಕೈ ಕಥೆ ಬಿಡೋಕೆ ಹೇಳಿ. ಬುಮ್ರಾನದು ಚಕಿಂಗ್ ಆದರೆ ಶೋಯೆಬ್‌ನದು ಏನಂತೆ?

ಸ್ಕ್ವೇರ್‌ಲೆಗ್_ಶಿವಮೊಗ್ಗ:

ನಾನು ಲೀಗ್ ಮ್ಯಾಚ್‌ಗಳಲ್ಲಿ ಅಂಪೈರಿಂಗ್ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಟಿವಿಯವರು ತೋರಿಸುವ ಆಕ್ಷನ್ ಬೇರೆ, ಸ್ಟಂಪ್ ಹಿಂದೆ ನಿಂತು ನೋಡುವ ಆಕ್ಷನ್ ಬೇರೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಮೊಣಕೈ. ಮಡಚಿದ ಕೈ ಚೆಂಡು ಬಿಡುವಾಗ ನೆಟ್ಟಗಾದರೆ ಅದು ಚಕಿಂಗ್. ಕೈ ಸೊಟ್ಟ ಕಾಣುವುದೇ ತಪ್ಪಲ್ಲ. ಶ್ರೀಲಂಕಾದ ಸ್ಪಿನ್ನರ್ ಮುರಳೀಧರನ್ ಕೈ ಹುಟ್ಟಿನಿಂದಲೇ ಪೂರ್ತಿ ನೆಟ್ಟಗಾಗುವುದಿಲ್ಲ. 1995ರ ಬಾಕ್ಸಿಂಗ್ ಡೇ ಟೆಸ್ಟ್‌ನಲ್ಲಿ ಅಂಪೈರ್ ಡ್ಯಾರೆಲ್ ಹೇರ್ ಅವನಿಗೆ ಸಾಲುಸಾಲಾಗಿ ನೋಬಾಲ್ ಕೊಟ್ಟರು. ಆಮೇಲೆ ಲ್ಯಾಬ್‌ನಲ್ಲಿ ಅಳೆಯಲು ಶುರು ಮಾಡಿದ ಮೇಲೆ ಗೊತ್ತಾಗಿದ್ದು, ನೇರ ಕೈ ಎಂದು ನಾವು ನಂಬಿದ್ದ ಬೌಲರ್‌ಗಳ ಮೊಣಕೈಯೂ ಸ್ವಲ್ಪ ನೆಟ್ಟಗಾಗುತ್ತದೆ ಅಂತ. 2005ರಿಂದ ಎಲ್ಲರಿಗೂ 15 ಡಿಗ್ರಿ ಎಂದು ಮಿತಿ ಇಟ್ಟರು.

ಬುಮ್ರಾ ಮತ್ತು ಶೋಯೆಬ್‌ರದು ಇನ್ನೊಂದು ಥರ. ಅವರ ಮೊಣಕೈ ನೆಟ್ಟಗಾಗಿ ನಿಲ್ಲುವುದಿಲ್ಲ, ಇನ್ನೂ ಹಿಂದಕ್ಕೆ ಬಾಗುತ್ತದೆ. ಅದು ಕೀಲಿನ ಸಡಿಲ. ಆ 15 ಡಿಗ್ರಿ ಲೆಕ್ಕದಲ್ಲಿ ಅದು ಬರುವುದಿಲ್ಲ. ಆದ್ದರಿಂದ ಶೋಯೆಬ್‌ನ 161.3 ಕಿಲೋಮೀಟರ್ ವೇಗದ ಚೆಂಡನ್ನು ಒಪ್ಪುವ ಭಾವ ಬುಮ್ರಾನನ್ನೂ ಒಪ್ಪಬೇಕು. ಪಾಕಿಸ್ತಾನದ ಸ್ಪಿನ್ನರ್ ಸಯೀದ್ ಅಜ್ಮಲ್ ಮಾತ್ರ ಬೇರೆ ಕೇಸು, ಅವನ ಮೊಣಕೈ ಆ ಮಿತಿ ದಾಟುತ್ತಿತ್ತು. 2014ರಲ್ಲಿ ಅವನನ್ನು ಅಮಾನತು ಮಾಡಿದಾಗ ಒಂದು ದಿನದ ಕ್ರಿಕೆಟ್‌ನಲ್ಲಿ ನಂಬರ್ ಒನ್ ಬೌಲರ್. ಆಕ್ಷನ್ ತಿದ್ದಿಕೊಂಡು ಬಂದ, ಆ ಹಳೇ ವಿಷ ಮಾತ್ರ ಬರಲಿಲ್ಲ. ಅಯ್ಯೋ ಅನ್ನಿಸುತ್ತದೆ.

ಇನ್ನು ವ್ಯತ್ಯಾಸ. ಪಾಕಿಸ್ತಾನದ ಹುಡುಗರು ಟೆನಿಸ್ ಬಾಲ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ ಆಡಿ ಬೆಳೆಯುತ್ತಾರೆ. ಗಲ್ಲಿಯ ಗಟ್ಟಿ ನೆಲದ ಮೇಲೆ ಆ ಚೆಂಡಿನಲ್ಲಿ ವಿಕೆಟ್ ಬೇಕಾದರೆ ಜೋರಾಗಿ, ಕಾಲಬುಡಕ್ಕೇ ಹಾಕಬೇಕು. ಲೆದರ್ ಬಾಲ್ ಕೈಗೆ ಬರುವ ಹೊತ್ತಿಗೆ ಕೈ ಬೀಸುವ ರೀತಿ ಗಟ್ಟಿಯಾಗಿರುತ್ತದೆ, ತಿದ್ದಲು ಯಾರೂ ಹೋಗುವುದಿಲ್ಲ. ನಮ್ಮಲ್ಲಿ ಆರಂಭದಿಂದಲೇ "ಕೈ ಕಿವಿಗೆ ತಾಗಿಸು, ಸೈಡ್ ಆನ್ ಬಾ (ಮೈ ಬದಿಗೆ ತಿರುಗಿಸಿ)" ಎಂದು ತಿದ್ದುವುದು ಜಾಸ್ತಿ.

ತಮಾಷೆ ಅಂದರೆ ಬುಮ್ರಾ ಕೂಡ ಗಲ್ಲಿಯ ಕೂಸೇ. ಅಹಮದಾಬಾದ್‌ನ ಮನೆಯಲ್ಲಿ ಮಧ್ಯಾಹ್ನ ಅಮ್ಮ ಮಲಗಿರುವಾಗ ಸದ್ದಾಗಬಾರದು ಅಂತ ಗೋಡೆ ನೆಲ ಸೇರುವ ಅಂಚಿಗೇ ಚೆಂಡು ಹಾಕುತ್ತಿದ್ದನಂತೆ. ಕಾಲಬುಡಕ್ಕೇ ಬೀಳುವ ಅವನ ಯಾರ್ಕರ್ ಹುಟ್ಟಿದ್ದು ಅಲ್ಲಿ.

ಅವನನ್ನು ಬ್ಯಾಟ್ಸ್‌ಮನ್ ಕಣ್ಣಿನಿಂದ ನೋಡಿ. ಬೇರೆಯವರು ಓಡಿ ಬರುವಾಗಲೇ ವೇಗದ ಅಂದಾಜು ಸಿಗುತ್ತದೆ. ಇವನ ಮೊದಲ ಹೆಜ್ಜೆಗಳು ನಡಿಗೆ. ಆಮೇಲೆ ಚಿಕ್ಕಚಿಕ್ಕ ಹೆಜ್ಜೆಯ ಓಟ, ಇದ್ದಕ್ಕಿದ್ದಂತೆ ಕ್ರೀಸ್. ಎಡಗಾಲು ಊರಿದಾಗ ಮಂಡಿ ಬಗ್ಗುವುದೇ ಇಲ್ಲ. ಬಂದ ವೇಗವೆಲ್ಲ ಅಲ್ಲಿ ತಡೆದು ಸೊಂಟದಿಂದ ಭುಜಕ್ಕೆ ಹತ್ತುತ್ತದೆ. ಚೆಂಡು ಕೈ ಬಿಡುವುದು ಆ ಕಾಲಿಗಿಂತ ಚೆನ್ನಾಗಿ ಮುಂದೆ. ಅಂದರೆ ಪಿಚ್ಚೇ ಅಷ್ಟು ಗಿಡ್ಡವಾದ ಹಾಗೆ. ಸ್ಪೀಡ್ ಗನ್ 140 ತೋರಿಸಿದರೂ ಬ್ಯಾಟ್‌ಗೆ ಅದಕ್ಕಿಂತ ಬೇಗ ಬರುತ್ತದೆ.

ವಾಸಿಂ ಅಕ್ರಂ ರನ್‌ಅಪ್ ಕೂಡ ಗಿಡ್ಡ, ಗಮನಿಸಿ. ವೇಗವೆಲ್ಲ ಕೊನೇ ಗಳಿಗೆಯ ಕೈಬೀಸಿನಲ್ಲಿ. 1992ರ ವಿಶ್ವಕಪ್ ಫೈನಲ್‌ನಲ್ಲಿ ರೌಂಡ್ ದಿ ವಿಕೆಟ್ ಬಂದು ಅಲನ್ ಲ್ಯಾಂಬ್‌ಗೆ ಹಾಕಿದ ಚೆಂಡು ಹೊರಗೆ ಹೊರಳಿ ಸ್ಟಂಪ್ ಹಾರಿಸಿತು. ಮುಂದಿನದೇ ಚೆಂಡು ಒಳಗೆ ಬಂದು ಕ್ರಿಸ್ ಲೂಯಿಸ್ ಬೌಲ್ಡ್. ಎರಡಕ್ಕೂ ಕೈಬೀಸು ಒಂದೇ. ನನ್ನ ಕೇಳಿದರೆ ಆಕ್ಷನ್‌ಗೆ ಅಂಕ ಕೊಡಬೇಕಾದ್ದು ಇದಕ್ಕೆ: ಚೆಂಡು ಕೈ ಬಿಡುವ ತನಕ ಎದುರಿಗಿದ್ದವನಿಗೆ ಏನೂ ಗೊತ್ತಾಗಬಾರದು. ಚಂದ ಕಟ್ಟಿಕೊಂಡು ಏನಾಗಬೇಕು? ಆ ಲೆಕ್ಕದಲ್ಲಿ ವಾಸಿಂ, ಬುಮ್ರಾ ಒಂದೇ ಮನೆಯವರು. ವಕಾರ್‌ನದು ಬೇರೆ ದಾರಿ. ಉದ್ದ ಓಟ, ತುಸು ಬದಿಗೆ ವಾಲಿದ ಕೈ. ರಿವರ್ಸ್ ಸ್ವಿಂಗ್‌ಗಾಗಿ (ಹಳೇ ಚೆಂಡು ಗಾಳಿಯಲ್ಲಿ ಉಲ್ಟಾ ಹೊರಳುವುದು) ಚೆಂಡು ಹಳೆಯದಾಗಲಿ ಅಂತ ಕಾಯುತ್ತಿದ್ದ.

ಲೆಗ್‌ಕಟರ್_ಜಯನಗರ:

ಅಂಪೈರ್ ಸಾಹೇಬರು ನಮ್ಮವರನ್ನು ಮರೆತೇಬಿಟ್ಟರಲ್ಲ! 1999ರ ಚೆನ್ನೈ ಟೆಸ್ಟ್ ನೆನಪಿದೆಯಾ? ವೆಂಕಟೇಶ್ ಪ್ರಸಾದ್ 33 ರನ್‌ಗೆ 6 ವಿಕೆಟ್. ಅದರಲ್ಲಿ ಕೊನೇ ಐದಕ್ಕೆ ಒಂದು ರನ್ನೂ ಕೊಡಲಿಲ್ಲ. ಎದುರಿಗಿದ್ದದ್ದು ಇದೇ ವಾಸಿಂ, ವಕಾರ್ ಇದ್ದ ಪಾಕಿಸ್ತಾನ. ಪ್ರಸಾದ್ ಆಕ್ಷನ್‌ನಲ್ಲಿ ಹೆದರಿಸುವಂಥದ್ದು ಏನಿತ್ತು ಹೇಳಿ? ಏನೂ ಇಲ್ಲ. ಎಲ್ಲ ಬೆರಳಲ್ಲಿ.

ಇನ್ನು ವಿಚಿತ್ರ ಆಕ್ಷನ್ ಬೇಕಾದರೆ ನಮ್ಮ ಸ್ಪಿನ್ನರ್ ಚಂದ್ರಶೇಖರ್ ಇದ್ದರು. ಪೋಲಿಯೋದಿಂದ ಬಡಕಲಾದ ಬಲಗೈಯಲ್ಲೇ ಬೌಲಿಂಗ್, ಫೀಲ್ಡಿಂಗ್‌ನಲ್ಲಿ ಥ್ರೋ ಮಾತ್ರ ಎಡಗೈಯಲ್ಲಿ. 1971ರಲ್ಲಿ ಇಂಗ್ಲೆಂಡ್‌ನ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್. ಆ ಕೈಯನ್ನು ಯಾವ ಕೋಚ್ ತಿದ್ದಬೇಕಿತ್ತು?

ದಾವಣಗೆರೆ_ಮಿಡ್‌ಆನ್:

ಭಾವನಿಗೆ ಲ್ಯಾಂಬ್ ಪ್ಯಾರಾ ಓದಿ ಹೇಳಿದೆ, "ನೋಡಿದ್ಯಾ, ನಾನು ಹೇಳಲಿಲ್ವಾ" ಅಂದರು. ಬುಮ್ರಾ ಪ್ಯಾರಾ ಬಂದಾಗ ಫೋನ್ ಬಂತು ಅಂತ ಎದ್ದುಹೋದರು. ಇರಲಿ. ಹುಡುಗನ ವಿಷಯ ಹೇಳಿ ಸರ್.

ಸ್ಕ್ವೇರ್‌ಲೆಗ್_ಶಿವಮೊಗ್ಗ:

ಜಯನಗರದವರೇ, ಪ್ರಸಾದ್ ವಿಷಯ ಒಪ್ಪಿದೆ. ಶ್ರೀನಾಥ್ ಅವರನ್ನೂ ಸೇರಿಸಿ. ಆದರೆ ಅವರ ಭುಜಕ್ಕೆ 1997ರಲ್ಲಿ ಬಿದ್ದ ಪೆಟ್ಟನ್ನೂ ಸೇರಿಸಿ. ವೇಗಕ್ಕೆ ಬಾಡಿಗೆ ಕಟ್ಟಲೇಬೇಕು. ವಕಾರ್‌ಗೆ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ (ಮೂಳೆಯಲ್ಲಿ ಸಣ್ಣ ಬಿರುಕು) 1992ರ ವಿಶ್ವಕಪ್ಪೇ ತಪ್ಪಿಹೋಯಿತು. ಬುಮ್ರಾಗೆ 2022ರ ಟಿ20 ವಿಶ್ವಕಪ್ ತಪ್ಪಿಹೋಯಿತು, 2023ರಲ್ಲಿ ನ್ಯೂಜಿಲೆಂಡ್‌ನಲ್ಲಿ ಬೆನ್ನಿಗೆ ಆಪರೇಷನ್ ಆಯಿತು. ಒಬ್ಬನದು ಚಂದದ ಆಕ್ಷನ್, ಇನ್ನೊಬ್ಬನದು ಸೊಟ್ಟ ಆಕ್ಷನ್. ಬೆನ್ನು ಇಬ್ಬರದ್ದೂ ಹೋಯಿತು.

ಮಿಡ್‌ಆನ್ ಅವರೇ, ಹುಡುಗನ ಕೈ ಕಡೆ ನೋಡಬೇಡಿ. ಹಿಂಗಾಲು ಊರಿದ ಕ್ಷಣ ಸೊಂಟ ಯಾವ ಕಡೆ, ಭುಜ ಯಾವ ಕಡೆ ಅಂತ ನೋಡಿ. ಎರಡೂ ಬ್ಯಾಟ್ಸ್‌ಮನ್ ಕಡೆಗಿದ್ದರೆ ಸರಿ. ಎರಡೂ ಬದಿಗಿದ್ದರೂ ಸರಿ. ಸೊಂಟ ಎದುರಿಗೆ, ಭುಜ ಬದಿಗೆ ಇದ್ದರೆ ನಡುಬೆನ್ನು ಪ್ರತಿ ಚೆಂಡಿಗೂ ತಿರುಚಿಕೊಳ್ಳುತ್ತದೆ. ಅದನ್ನು ಈಗಲೇ ಬಿಡಿಸಿ, ಮೂಳೆ ಇನ್ನೂ ಬಲಿಯುವ ವಯಸ್ಸು. ಹಾಗಿಲ್ಲದಿದ್ದರೆ ಸುಮ್ನೆ ಬಿಡಿ. ಇಂಗ್ಲೆಂಡ್‌ನ ಆಂಡರ್ಸನ್ ಚೆಂಡು ಬಿಡುವಾಗ ತಲೆ ನೆಲ ನೋಡುತ್ತದೆ ಅಂತ ಕೋಚ್‌ಗಳು ತಿದ್ದಲು ಹೋದರು. ಕೊನೆಗೆ ಹಳೇ ಆಕ್ಷನ್‌ಗೇ ಮರಳಿ 704 ಟೆಸ್ಟ್ ವಿಕೆಟ್ ತೆಗೆದ.

ಇನ್ನೊಂದು, ನೆಟ್ಸ್‌ನಲ್ಲಿ ದಿನಾ ಎಷ್ಟು ಚೆಂಡು ಹಾಕಿಸುತ್ತಿದ್ದಾರೆ ಕೇಳಿ. ಆಕ್ಷನ್‌ಗಿಂತ ಅದೇ ಹುಡುಗರ ಬೆನ್ನು ತಿನ್ನುವುದು ಜಾಸ್ತಿ. ನೋವು ಅಂದರೆ ಬೌಲಿಂಗ್ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ, ಎಣ್ಣೆ ಹಚ್ಚಿಕೊಂಡು ಕೂರಬೇಡಿ.

ಎರಡು ವಿಡಿಯೋ ಕಳಿಸಿ. ಅಂಪೈರ್ ನಿಲ್ಲುವ ಜಾಗದಿಂದ ಒಂದು, ಬದಿಯಿಂದ ಒಂದು. ಸ್ಲೋ ಮೋಷನ್‌ನಲ್ಲಿ ಇರಲಿ, ಹಿನ್ನೆಲೆಯಲ್ಲಿ ಹಾಡು ಹಾಕಬೇಡಿ.

ನೋಬಾಲ್_ನಾಗ:

ಭಾವ ಬೌಲಿಂಗ್ ಮಾಡುವ ವಿಡಿಯೋ ಇದ್ದರೆ ಅದನ್ನೂ ಹಾಕಿ ಗುರು.