ಲುಕಾಸ್ ಡಾಂಟ್ ತರ ಆಗಬೇಕು, ಕೆಲಸ ಬಿಡಲಾ? ಅನುಭವ ಇದ್ದವರು ಹೇಳಿ

ಕೇಳಿದವರು: ನನಗೆ 26, ಬೆಂಗಳೂರಲ್ಲಿ ಐಟಿ ಕೆಲಸ. ಬೆಲ್ಜಿಯಂನ ನಿರ್ದೇಶಕ ಲುಕಾಸ್ ಡಾಂಟ್ 27ಕ್ಕೇ ‘ಗರ್ಲ್’ ಸಿನಿಮಾ ಮಾಡಿ 2018ರಲ್ಲಿ ಕಾನ್‌ನಲ್ಲಿ ಮೊದಲ ಸಿನಿಮಾಕ್ಕೆ ಕೊಡುವ ಕ್ಯಾಮೆರಾ ಡಿ'ಓರ್ ಪ್ರಶಸ್ತಿ ಗೆದ್ದರು. ಯುರೋಪಿಗೆ ಹೋಗಿ ಸಿನಿಮಾ ಓದುವ ಆಸೆ. ಕೈಯಲ್ಲಿ 14 ಲಕ್ಷ ಇದೆ. ಹೋಗಲಾ?

ರೀಲು ಡಬ್ಬಿ: ನಾನು 2016ರಲ್ಲಿ ಬ್ರಸೆಲ್ಸ್‌ಗೆ ಹೋದೆ. ಫೀಸಿನ ಮಾತು ಬಿಡಿ, ಅದು ಮೊದಲೇ ಗೊತ್ತಿರುತ್ತದೆ. ಸಾಯಿಸಿದ್ದು ಉಳಿದದ್ದು. ಕೋಣೆ ಬಾಡಿಗೆ ತಿಂಗಳಿಗೆ 480 ಯೂರೋ, ಲೆನ್ಸ್ ಬಾಡಿಗೆ ನಾಲ್ಕು ದಿನಕ್ಕೆ 310, ಮಳೆ ಬಂದು ಒಂದು ದಿನದ ಶೂಟಿಂಗ್ ಹಾಳಾಗಿ ಮತ್ತೆ 310. ಡಿಸಿಪಿಗೆ, ಅಂದರೆ ಚಿತ್ರಮಂದಿರದಲ್ಲಿ ತೋರಿಸುವ ಡಿಜಿಟಲ್ ಪ್ರತಿಗೆ, 600. ಆಮೇಲೆ 41 ಚಿತ್ರೋತ್ಸವಕ್ಕೆ ಕಳಿಸಿದೆ, ಪ್ರವೇಶ ಶುಲ್ಕವೇ 1,320 ಯೂರೋ. ತೆಗೆದುಕೊಂಡದ್ದು ಎರಡು. ಸಾಲ ಇನ್ನೂ ತೀರಿಲ್ಲ.

ಕಡಲ ಕರೆ: ಎಲ್ಲರೂ 27, 27 ಅನ್ನುತ್ತೀರಿ. ‘ಗರ್ಲ್’ಗೆ ಮೂಲವಾದ, ಬ್ಯಾಲೆ ಕಲಿಯುವ ಟ್ರಾನ್ಸ್ ಹುಡುಗಿಯ ಸುದ್ದಿಯನ್ನು ಡಾಂಟ್ ಪತ್ರಿಕೆಯಲ್ಲಿ ಓದಿದ್ದು 2009ರಲ್ಲಿ, 18ನೇ ವಯಸ್ಸಿಗೆ. ಒಂಬತ್ತು ವರ್ಷ ಅದನ್ನೇ ಹಿಡಿದು ಕೂತ. ನಡುವೆ ಬೆಲ್ಜಿಯಂನ ಗೆಂಟ್‌ನಲ್ಲಿ ಸಿನಿಮಾ ಓದಿದ, ಕಿರುಚಿತ್ರ ಮಾಡಿದ. ನಾನು ಎಲ್ಲೂ ಹೋಗಲಿಲ್ಲ. ಕುಂದಾಪುರದಲ್ಲಿ ನಮ್ಮ ಮಾವನ ದೋಣಿಯಲ್ಲೇ 3.4 ಲಕ್ಷಕ್ಕೆ ಕಿರುಚಿತ್ರ ಮುಗಿಸಿದೆ. ಉಪ್ಪುನೀರು ಹೊಕ್ಕು ಮೈಕ್ ಎರಡು ಸಲ ಕೆಟ್ಟಿತು, ಅದೇ 22 ಸಾವಿರ. ಆದರೂ ಇವತ್ತು ಒಂದು ರೂಪಾಯಿ ಸಾಲ ಇಲ್ಲ.

ರೀಲು ಡಬ್ಬಿ: ಹೋಗದವರು ಹೋದವರಿಗೆ ಪಾಠ ಹೇಳಬೇಡಿ. ಅಲ್ಲಿ ಬೆಲ್ಜಿಯಂನ ಡಚ್ ಮಾತಾಡುವ ಭಾಗವಾದ ಫ್ಲಾಂಡರ್ಸ್‌ನ ಸರ್ಕಾರಿ ಚಿತ್ರನಿಧಿ ಇದೆ, ಸ್ಕ್ರಿಪ್ಟ್ ಬರೆಯುವಾಗಲೇ ದುಡ್ಡು ಸಿಗುತ್ತದೆ. ನಮ್ಮಲ್ಲಿ ಸಬ್ಸಿಡಿ ಅಂದರೆ ಸಿನಿಮಾ ಮುಗಿದ ಮೇಲೆ. ಒಂಬತ್ತು ವರ್ಷ ಕೂರಲು ಅನ್ನ ಹಾಕುವವರು ಯಾರು?

ಕಡಲ ಕರೆ: ಆ ನಿಧಿ ನಿಮಗೆ ಸಿಕ್ಕಿತಾ? ಇಲ್ಲ ಅಲ್ವಾ? ಮತ್ತೆ ಅಲ್ಲಿಗೆ ಹೋಗಿ ಏನು ಬಂತು?

ಸಂಜೆ ಶೋ: ಇಬ್ಬರೂ ಪ್ರಶಸ್ತಿಯನ್ನೇ ನೋಡುತ್ತೀರಿ. ಟ್ರಾನ್ಸ್ ಹುಡುಗಿಯ ಪಾತ್ರಕ್ಕೆ ವಿಕ್ಟರ್ ಪೋಲ್ಸ್ಟರ್ ಎಂಬ ಟ್ರಾನ್ಸ್ ಅಲ್ಲದ ಹುಡುಗನನ್ನು ಹಾಕಿದ್ದಕ್ಕೆ, ಆಕೆ ತನ್ನ ದೇಹಕ್ಕೇ ಗಾಯ ಮಾಡಿಕೊಳ್ಳುವ ದೃಶ್ಯಕ್ಕೆ ಎಷ್ಟು ಟ್ರಾನ್ಸ್ ವಿಮರ್ಶಕರು ಸಿಟ್ಟಾದರು ಗೊತ್ತಾ? ನನಗೂ ಆ ದೃಶ್ಯ ನೋಡಿ ಎರಡು ದಿನ ನಿದ್ದೆ ಬರಲಿಲ್ಲ.

ಕಡಲ ಕರೆ: ಆ ಸುದ್ದಿಯಲ್ಲಿದ್ದ ನೋರಾ ಮಾನ್ಸೆಕೂರ್ ಅವರೇ ಇದು ನನ್ನ ಕಥೆ ಅಂತ ಸಿನಿಮಾ ಪರ ನಿಂತರು. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?

ಸಂಜೆ ಶೋ: ಒಬ್ಬರ ಒಪ್ಪಿಗೆ ಎಲ್ಲರ ಒಪ್ಪಿಗೆ ಆಗುವುದಿಲ್ಲ. ಡಾಂಟ್‌ನ ಮುಂದಿನ ಸಿನಿಮಾ ‘ಕ್ಲೋಸ್’ 2022ರಲ್ಲಿ ಕಾನ್‌ನ ಎರಡನೇ ದೊಡ್ಡ ಪ್ರಶಸ್ತಿ ಗ್ರಾಂ ಪ್ರಿಯನ್ನು ಇನ್ನೊಂದು ಸಿನಿಮಾ ಜೊತೆ ಹಂಚಿಕೊಂಡಿತು, ಆಸ್ಕರ್ ನಾಮಿನೇಷನ್ ಬಂತು. ಅದರಲ್ಲೂ ಅಳಿಸಲೆಂದೇ ಒಂದು ಮಗುವನ್ನು ಸಾಯಿಸಿದ್ದಾರೆ.

ರೀಲು ಡಬ್ಬಿ: ಬಾಯಿಗೆ ಬಂದ ಹಾಗೆ ಮಾತಾಡಬೇಡಿ. ಹೈಸ್ಕೂಲಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಆ ಮಗುವಿನ ಹಾಗೇ ತೀರಿಹೋದ. ಆ ಸಿನಿಮಾ ನೋಡಿದ ಮೇಲೆಯೇ ನಾನು ಅವನ ತಾಯಿಗೆ ಫೋನ್ ಮಾಡಿದ್ದು, ಹನ್ನೊಂದು ವರ್ಷ ಕಳೆದ ಮೇಲೆ.

ಸಂಜೆ ಶೋ: ಕ್ಷಮಿಸಿ. ಅದು ಗೊತ್ತಿರಲಿಲ್ಲ.

ಎಡಿಟ್ ಮೇಜು: ನಿಮ್ಮ ಜಗಳದ ನಡುವೆ ಒಂದು ಮಾತು. ಡಿಸಿಪಿಗೆ 600 ಯೂರೋ ಯಾಕೆ ಕೊಟ್ಟಿರಿ? ಡಿಸಿಪಿ-ಓ-ಮ್ಯಾಟಿಕ್ ಉಚಿತ ಸಾಫ್ಟ್‌ವೇರ್. ನಾನು ಮನೆಯಲ್ಲೇ ಮಾಡುತ್ತೇನೆ.

ರೀಲು ಡಬ್ಬಿ: ಆಗ ಒಬ್ಬರೂ ಹೇಳಲಿಲ್ಲ. ಸಬ್‌ಟೈಟಲ್ ತಪ್ಪಿ ಎರಡನೇ ಸಲ ಮಾಡಿಸಿದೆ. ಅದಕ್ಕೆ ಬೇರೆ 250.