ಪದಚರ್ಚೆ: ಪ್ರಿಫೆಚ್, ಪ್ರಿರೆಂಡರ್‌ಗೆ 'ಮುಂ' ಬೇಕಾ, 'ಇಡು' ಸಾಕಾ?

ಎಲ್ಲರಿಗೂ ನಮಸ್ಕಾರ.

ವೆಬ್ ಕೆಲಸ ಕಲಿಯುತ್ತಿರುವ ಹುಡುಗ ಹುಡುಗಿಯರಿಗಾಗಿ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ನಾವು ಕ್ಲಿಕ್ ಮಾಡುವ ಮೊದಲೇ ಬ್ರೌಸರು ಮುಂದಿನ ಪುಟವನ್ನು ಸಿದ್ಧ ಮಾಡಿಕೊಳ್ಳುತ್ತದಲ್ಲ, ಅದರ ಬಗ್ಗೆ. ಪ್ರಿಕನೆಕ್ಟ್, ಪ್ರಿಲೋಡ್, ಪ್ರಿಫೆಚ್, ಪ್ರಿರೆಂಡರ್ ಅಂತ ನಾಲ್ಕು ಮಾತು ಬರುತ್ತವೆ. ನಾಲ್ಕಕ್ಕೂ 'ಪ್ರಿ' ಒಂದೇ, ಕೆಲಸ ಮಾತ್ರ ಬೇರೆ ಬೇರೆ. ನನ್ನ ಬರಹ ಇಲ್ಲೇ ನಿಂತಿದೆ.

ಮೊದಲು ಎಲ್ಲಕ್ಕೂ 'ಮುಂ' ಹಚ್ಚಿ ನೋಡಿದೆ. ಮುಂಗಡ, ಮುನ್ನೋಟ, ಮುನ್ಸೂಚನೆ ಇವೆಯಲ್ಲ, ಹಾಗೆ. ಆದರೆ ಮುಂದೂಡು ಅಂದರೆ ಪೂರ್ತಿ ಉಲ್ಟಾ, ತಡ ಮಾಡು ಅಂತ. 'ಮುಂದಕ್ಕೆ ಹಾಕಿದರು' ಅಂದರೂ ಅದೇ. ಮುಂಗೈ ಅಂದಾಗ ಅದು ಜಾಗದ ಮಾತು, ಹೊತ್ತಿನ ಮಾತೇ ಅಲ್ಲ. 'ಪುಟವನ್ನು ಮುಂದೆ ತರು' ಅಂತ ಬರೆದರೆ ಓದುವವರು ಪುಟ ಪರದೆಯ ಮುಂದಕ್ಕೆ ಬಂತು ಅಂದುಕೊಳ್ಳುತ್ತಾರೆ, ಇಲ್ಲಿ ನಡೆಯುವುದು ಅದರ ವಿರುದ್ಧ, ಪುಟ ಕಾಣದ ಹಾಗೆ ಹಿಂದೆ ಕೂತಿರುತ್ತದೆ! 'ಪೂರ್ವ' ಹಚ್ಚಿದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತದೆ.

ಆಮೇಲೆ ಮನೆಯ ಮಾತು ನೆನಪಾಯಿತು. ಅಕ್ಕಿ ನೆನೆಸಿಡು, ನೀರು ಕಾಯಿಸಿಡು, ಹೂವು ಕಟ್ಟಿಡು. ಯಾವುದರಲ್ಲೂ 'ಮುಂ' ಇಲ್ಲ. ಆದರೂ ಮುಂದೆ ಬೇಕಾಗುತ್ತದೆ, ಈಗಲೇ ಮಾಡಿ ಜೋಪಾನ ಮಾಡು ಅನ್ನುವುದು ಕೊನೆಯ 'ಇಡು'ವಿನಲ್ಲೇ ಇದೆ. 'ಮಾಡಿಬಿಡು' ಅಂದರೆ ಕೆಲಸ ಅಲ್ಲಿಗೆ ಮುಗಿಯಿತು. 'ಮಾಡಿಡು' ಅಂದರೆ ಯಾರೋ ಬರುವವರಿದ್ದಾರೆ. ಪ್ರಿಫೆಚ್‌ನ ಅರ್ಥ ಸರಿಯಾಗಿ ಇದೇ ಅಲ್ವಾ? ಇಂಗ್ಲಿಷಿಗೆ ಮುಂದೆ ಒಂದು ಚೂರು ಹಚ್ಚಬೇಕು, ನಮಗೆ ಹಿಂದೆ ಹಚ್ಚುವ ರೂಢಿ ಆಗಲೇ ಇದೆ.

ಹಾಗಾಗಿ ನನ್ನ ಸಲಹೆ ಹೀಗಿದೆ. ಪ್ರಿಕನೆಕ್ಟ್‌ಗೆ 'ಸಂಪರ್ಕ ಮಾಡಿಡು'. ಬೇರೆ ಸರ್ವರಿನ ಜೊತೆ ಸಂಪರ್ಕ ಮಾತ್ರ, ಫೈಲು ಇನ್ನೂ ಬಂದಿಲ್ಲ. ಪ್ರಿಫೆಚ್‌ಗೆ 'ತಂದಿಡು'. ಮುಂದಿನ ಪುಟದ ಫೈಲು ಬಂದಿದೆ, ಬಿಚ್ಚಿ ನೋಡಿಲ್ಲ. ಪ್ರಿರೆಂಡರ್‌ಗೆ 'ಮೂಡಿಸಿಡು'. ಪುಟ ಪೂರ್ತಿ ಮೂಡಿದೆ, ಚಿತ್ರ ಬಂದಿದೆ, ಸ್ಕ್ರಿಪ್ಟ್ ಓಡಿದೆ, ಕಾಣುತ್ತಿಲ್ಲ ಅಷ್ಟೇ. ಯಕ್ಷಗಾನದಲ್ಲಿ ವೇಷ ಕಟ್ಟಿ ಚೌಕಿಯಲ್ಲಿ ಕೂತ ಕಲಾವಿದನ ಹಾಗೆ. ಈ ವ್ಯತ್ಯಾಸ ಕನ್ನಡದಲ್ಲಾದರೂ ಉಳಿಯಬೇಕು. ಯಾಕಂದರೆ ಕ್ರೋಮ್ 2011ರಲ್ಲಿ ಪ್ರಿರೆಂಡರ್ ಅಂತ ತಂದಾಗ ಪುಟ ನಿಜವಾಗಿ ಮೂಡುತ್ತಿತ್ತು, ನಂತರ ಮೆಮೊರಿ ಜಾಸ್ತಿ ತಿನ್ನುತ್ತದೆ ಅಂತ ಅದೇ ಹೆಸರಿನ ಕೆಳಗೆ ಫೈಲು ತಂದಿಡುವುದಷ್ಟೇ ಉಳಿಯಿತು, ಆಮೇಲೆ ಹೊಸ ರೀತಿಯಲ್ಲಿ ಮತ್ತೆ ಪೂರ್ತಿ ಮೂಡಿಸುವುದು ಬಂತು. ಹಳೆಯ ಲೇಖನ ಓದುವವರು ಇಲ್ಲಿ ಎಡವುತ್ತಾರೆ.

ಪ್ರಿಲೋಡ್ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಅದು ಮುಂದಿನ ಪುಟದ್ದಲ್ಲ, ಈಗ ತೆರೆಯುತ್ತಿರುವ ಪುಟದ್ದೇ. ಕನ್ನಡ ಫಾಂಟನ್ನೇ ತಗೊಳ್ಳಿ. ಒತ್ತಕ್ಷರಗಳೆಲ್ಲ ಸೇರಿ ಫೈಲು ದೊಡ್ಡದು, ಅದು ಬೇಕು ಅಂತ ಬ್ರೌಸರಿಗೆ ಗೊತ್ತಾಗುವುದು ಸ್ಟೈಲ್ ಫೈಲು ಓದಿದ ಮೇಲೆ. ಪ್ರಿಲೋಡ್ ಬರೆದರೆ ಅದು ಮೊದಲೇ ಹೊರಡುತ್ತದೆ. ಇಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ, ಬೇಗ ತರಬೇಕು ಅಷ್ಟೇ. ಹಾಗಾಗಿ 'ಮೊದಲೇ ತರು'.

ಇನ್ನು ಸ್ಪೆಕ್ಯುಲೇಷನ್ ರೂಲ್ಸ್. ಯಾವ ಲಿಂಕನ್ನು ಯಾವಾಗ ತಂದಿಡಬೇಕು, ಯಾವುದನ್ನು ಮೂಡಿಸಿಡಬೇಕು ಅಂತ ಪುಟವೇ ಬ್ರೌಸರಿಗೆ ಹೇಳುವ ನಿಯಮಗಳು. 'ಊಹಾಪೋಹ' ಖಂಡಿತ ಬೇಡ, ಅದು ಗಾಳಿಸುದ್ದಿಗೆ ಹೋಗಿಬಿಟ್ಟಿದೆ. 'ಊಹೆಯ ನಿಯಮಗಳು' ಸಾಕು. ಅದರೊಳಗೆ ಈಗರ್‌ನೆಸ್ ಅಂತ ಒಂದಿದೆ, ಬ್ರೌಸರು ಎಷ್ಟು ಬೇಗ ಕೆಲಸ ಶುರು ಮಾಡಬೇಕು ಅನ್ನುವುದು. 'ಆತುರ' ಅಂದರೆ ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಗಾದೆ ಬೆನ್ನಿಗೆ ಬರುತ್ತದೆ, ಅದಕ್ಕೆ ನಾನು 'ತವಕ' ಅಂತ ಬರೆದಿದ್ದೇನೆ. ನಾಲ್ಕು ಹಂತ: ತಕ್ಷಣ, ತವಕ, ಹದ, ಹಿಡಿತ. ಡೆಸ್ಕ್‌ಟಾಪಿನಲ್ಲಿ ಮೌಸು ಲಿಂಕಿನ ಮೇಲೆ 200 ಮಿಲಿಸೆಕೆಂಡು ನಿಂತರೆ ಕೆಲಸ ಶುರು ಆಗುವುದು 'ಹದ'. ಬಟನ್ ಒತ್ತಿದ ಮೇಲೆಯೇ, ಬೆರಳು ಎತ್ತುವಷ್ಟರಲ್ಲಿ ಶುರು ಆಗುವುದು 'ಹಿಡಿತ'. ಬ್ಲಾಗು, ವೆಬ್‌ಸೈಟು ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ ಇದೆಯಲ್ಲ, 2025ರಲ್ಲಿ ಬಂದ ಅದರ 6.8 ಆವೃತ್ತಿ ಈ ಕೊನೆಯ ಹಂತದಲ್ಲಿ ತಂದಿಡುವುದನ್ನು ತಾನಾಗಿಯೇ ಮಾಡುತ್ತದೆ. ವರ್ಡ್‌ಪ್ರೆಸ್‌ನಲ್ಲಿರುವ ಕನ್ನಡ ಬ್ಲಾಗುಗಳಲ್ಲೂ ಇದು ಆಗಲೇ ನಡೆಯುತ್ತಿರಬಹುದು, ಅದಕ್ಕೇ ಪದ ಬೇಗ ಬೇಕು ಅನ್ನಿಸುತ್ತಿದೆ.

ನನಗೆ ಜಾಸ್ತಿ ಕಷ್ಟ ಕೊಟ್ಟಿದ್ದು ಅಳತೆಯ ಮಾತು. ಪುಟದ ಅತಿ ದೊಡ್ಡ ಭಾಗ ಯಾವಾಗ ಕಂಡಿತು ಅಂತ ಅಳೆಯುತ್ತಾರೆ. 100 ಭೇಟಿಯಲ್ಲಿ 75ರಲ್ಲಾದರೂ ಅದು 2.5 ಸೆಕೆಂಡಿನೊಳಗೆ ಇದ್ದರೆ ಚೆನ್ನಾಗಿದೆ ಅನ್ನುವುದು ಗೂಗಲ್ ಲೆಕ್ಕ. ಆದರೆ ಮೂಡಿಸಿಟ್ಟ ಪುಟಕ್ಕೆ ಗಡಿಯಾರ ಎಲ್ಲಿಂದ ಶುರು? ಮೂಡಿಸಲು ಹೊರಟಾಗಿನಿಂದ ಎಣಿಸಿದರೆ, ಓದುವವರು ಕಾಯದೇ ಇದ್ದ ಹೊತ್ತೂ ಸೇರುತ್ತದೆ. ಅದಕ್ಕೆ ಪುಟ ನಿಜವಾಗಿ ಎದುರಿಗೆ ಬಂದ ಕ್ಷಣವನ್ನು ಬ್ರೌಸರು ಬೇರೆಯಾಗಿ ಬರೆದಿಡುತ್ತದೆ, ಇಂಗ್ಲಿಷಿನಲ್ಲಿ ಆಕ್ಟಿವೇಷನ್ ಸ್ಟಾರ್ಟ್. ದೊಡ್ಡ ಚಿತ್ರ 1.8 ಸೆಕೆಂಡಿಗೆ ಮೂಡಿತು, ನೀವು 1.2ಕ್ಕೆ ಕ್ಲಿಕ್ ಮಾಡಿದಿರಿ ಅಂದುಕೊಳ್ಳಿ, ನೀವು ಕಾದದ್ದು 0.6 ಸೆಕೆಂಡು. 3ಕ್ಕೆ ಕ್ಲಿಕ್ ಮಾಡಿದ್ದರೆ ಸೊನ್ನೆ. ಭೇಟಿಗಳ ಎಣಿಕೆಯೂ ಹಾಗೆಯೇ, ಮೂಡಿಸಿಟ್ಟು ಯಾರೂ ನೋಡದೆ ಎಸೆದ ಪುಟವನ್ನು ಭೇಟಿ ಅಂತ ಎಣಿಸಬಾರದು.

ಈ ಆಕ್ಟಿವೇಷನ್‌ಗೆ 'ಸಕ್ರಿಯಗೊಳಿಸು' ಒಪ್ಪುವುದಿಲ್ಲ. ಪುಟದ ಒಳಗೆ ಕೆಲಸ ಆಗಲೇ ನಡೆದಿದೆ, ಹೊಸದಾಗಿ ಸಕ್ರಿಯ ಆಗುವುದೇನಿದೆ? 'ರಂಗಪ್ರವೇಶ' ಅಂದರೆ ಭರತನಾಟ್ಯ ನೆನಪಾಗುತ್ತದೆ. ಸದ್ಯಕ್ಕೆ 'ಎದುರಿಗೆ ಬಂದ ಹೊತ್ತು' ಅಂತ ಇಟ್ಟಿದ್ದೇನೆ, ಉದ್ದ ಆಯಿತು.

ಎರಡು ವಿಷಯದಲ್ಲಿ ನಿಮ್ಮ ನೆರವು ಬೇಕು. ತಂದಿಡು, ಮೂಡಿಸಿಡು ಕ್ರಿಯಾಪದವಾಗಿ ಚೆನ್ನಾಗಿವೆ, 'ತಂದಿಟ್ಟ ಪುಟ' ಅನ್ನುವುದೂ ಸಲೀಸು. ಆದರೆ ನಾಮಪದ ಬೇಕಾದಾಗ 'ತಂದಿಡುವಿಕೆ' ಭಾರ ಅನ್ನಿಸುತ್ತದೆ, 'ತಂದಿಡಿಕೆ' ಅಂದರೆ ಕಿವಿಗೆ ಒಗ್ಗುತ್ತದಾ? ಮತ್ತೆ, ಒಳಗೆ ಸಿದ್ಧವಾಗಿ ಕೂತವರು ಜನರ ಎದುರಿಗೆ ಬರುವ ಆ ಗಳಿಗೆಗೆ ನಿಮ್ಮ ಕಡೆ, ಧಾರವಾಡದ ಕಡೆಯಾಗಲಿ ಕುಂದಾಪುರದ ಕಡೆಯಾಗಲಿ, ಒಂದೇ ಪದದ ಮಾತು ಇದ್ದರೆ ದಯವಿಟ್ಟು ಬರೆಯಿರಿ.