ದೊಡ್ಡಪ್ಪನ ಇಂಗ್ಲಿಷ್, ಕೊಲ್ಹಾಪುರದ ಬೆಲ್ಲ

ಮಂಡ್ಯದಿಂದ ದೊಡ್ಡಪ್ಪ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳುಹಿಸಿದ ಸಂದೇಶದ ನೆತ್ತಿಯ ಮೇಲೆ ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂಬ ಮುದ್ರೆಯಿತ್ತು. ಒಳಗಿನ ಸಾರ ಇಷ್ಟು: ಮೊಬೈಲ್ ಬಂದು ಇಂಗ್ಲಿಷ್ ಕೆಟ್ಟಿತು, ಸರಿಯಾದ ಇಂಗ್ಲಿಷ್ ಜಗತ್ತಿನಲ್ಲಿ ಒಂದೇ ಒಂದು, ಅದನ್ನು ಹಳೆಯ ಕಾಲದಲ್ಲಿ ಓದಿದವರು ಮಾತ್ರ ಬಲ್ಲರು, ಇದನ್ನು ‘ವಿದೇಶಿ ವಿಜ್ಞಾನಿಗಳು’ ಸಾಬೀತುಪಡಿಸಿದ್ದಾರೆ. ಯಾವ ದೇಶ, ಯಾರು ವಿಜ್ಞಾನಿ, ಸುಳಿವಿಲ್ಲ. ಕೈ ಮುಗಿದ ಚಿತ್ರಗಳು ಮಾತ್ರ ಧಾರಾಳ. ಓದಿ ಮುಗಿಸುವಷ್ಟು ಹೊತ್ತೂ ಕಳೆದಿರಲಿಲ್ಲ, ಅತ್ತೆಯಂದಿರ ಹೆಬ್ಬೆರಳುಗಳು ಸಾಲಾಗಿ ಎದ್ದು ನಿಂತವು.

ಅಸಲಿ ಕಾರಣ ಬೇರೆ. ಮೊಮ್ಮಗನ ಪಿಯುಸಿ ಫಲಿತಾಂಶ ಬಂದಾಗ ದೊಡ್ಡಪ್ಪ ಅರ್ಧ ಪುಟ ಆಶೀರ್ವಾದ ಬರೆದಿದ್ದರು. ಹುಡುಗ ‘ಓಕೆ’ಯನ್ನೂ ಮೊಟಕು ಮಾಡಿ ‘ಕೆ’ ಎಂಬ ಒಂದೇ ಅಕ್ಷರದಲ್ಲಿ ಉತ್ತರ ಮುಗಿಸಿದ್ದ. ಆ ನೋವು ಈಗ ವಿಜ್ಞಾನಿಗಳ ಹೆಗಲೇರಿ ಬಂದಿತ್ತು.

“ಇದಕ್ಕೆ ಮೂಲ ಯಾವುದು ದೊಡ್ಡಪ್ಪ?” ಎಂದು ಕೇಳಿದವಳು ಚಿಕ್ಕಪ್ಪನ ಮಗಳು. ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು, ಮೂಲ ಕೇಳದೆ ಅವಳು ಹಬ್ಬದ ಶುಭಾಶಯವನ್ನೂ ಒಪ್ಪಿಕೊಳ್ಳುವುದಿಲ್ಲ.

“ಮೂಲ ಕೇಳುವುದನ್ನು ಕಲಿತಿರಿ, ಹಿರಿಯರ ಮುಂದೆ ತಗ್ಗಿ ನಡೆಯುವುದನ್ನು ಕಲಿಯಲಿಲ್ಲ” ಎಂದರು ದೊಡ್ಡಪ್ಪ.

“ಋಷಿಮೂಲ, ನದೀಮೂಲದ ಪಕ್ಕಕ್ಕೆ ಫಾರ್ವರ್ಡ್ ಮೂಲವನ್ನೂ ಸೇರಿಸಿಕೊಳ್ಳಿ” ಎಂದು ನಡುವೆ ಬಾಯಿ ಹಾಕಿದವರು ಭಾವ. ಅವರು ಆಸ್ತಿ ಪತ್ರಗಳನ್ನು ಬರೆದುಕೊಡುವ ಪತ್ರ ಬರಹಗಾರರು. ಅಂದಿನ ಚರ್ಚೆಯಲ್ಲಿ ತೂಕದ ಮಾತು ಆಡಿದವರೂ ಅವರೇ: “ಇಂಗ್ಲಿಷ್ ಕ್ರಯಪತ್ರದಲ್ಲಿ ‘ಅವನು’ ಎಂದು ಬರೆದರೆ ನಾಳೆ ನ್ಯಾಯಾಲಯದಲ್ಲಿ ಯಾವ ಅವನು ಎಂದು ಕೇಳುತ್ತಾರೆ. ಹಾಗಾಗಿ ಪೂರ್ತಿ ಹೆಸರನ್ನೇ ಮತ್ತೆ ಮತ್ತೆ ಬರೆಯುತ್ತೇವೆ. ಅದೇ ಇಂಗ್ಲಿಷಿನಲ್ಲಿ ಹೆಂಡತಿಗೆ ಕಾಗದ ಬರೆದರೆ ಅವಳು ವಕೀಲರ ಬಳಿ ಹೋಗುತ್ತಾಳೆ.”

ತಂಗಿಗೆ ಇಷ್ಟು ಆಸರೆ ಸಾಕಾಯಿತು. ಉದ್ದದ ಸಂದೇಶಗಳು ಬಂದವು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 1961ರಲ್ಲಿ ಅಚ್ಚಾದ ಇಂಗ್ಲಿಷ್ ಬರಹಗಳಿಂದ ತಲಾ ಸುಮಾರು 2000 ಪದಗಳ 500 ತುಣುಕುಗಳನ್ನು ಆಯ್ದು 15 ಬಗೆಗಳಾಗಿ ವಿಂಗಡಿಸಿದ್ದರು: ವರದಿ, ಸಂಪಾದಕೀಯ, ಧಾರ್ಮಿಕ ಬರಹ, ಪತ್ತೇದಾರಿ ಕಥೆ, ಹಾಸ್ಯ, ಪಂಡಿತರ ಪ್ರಬಂಧ, ಹೀಗೆ. ಡಗ್ಲಸ್ ಬೈಬರ್ ಎಂಬ ವಿದ್ವಾಂಸರು ಬ್ರಿಟಿಷ್ ಇಂಗ್ಲಿಷಿನ ಮಾತು ಮತ್ತು ಬರಹಗಳಲ್ಲಿ ಪದ, ವ್ಯಾಕರಣಗಳ 67 ಲಕ್ಷಣಗಳನ್ನು ಎಣಿಸಿ 1988ರಲ್ಲಿ ತೋರಿಸಿದ್ದು ಇನ್ನೂ ಸ್ವಾರಸ್ಯದ್ದು. ಆಪ್ತರಿಗೆ ಬರೆದ ಕಾಗದ, ಬರಹವಾದರೂ ಹರಟೆಯ ಪಕ್ಕದಲ್ಲಿ ಕೂರುತ್ತದೆ. ಸರ್ಕಾರಿ ದಾಖಲೆ ಆಚೆ ತುದಿಯಲ್ಲಿರುತ್ತದೆ. “ಹುಡುಗ ಹರಟೆಯ ಜಾಗದಲ್ಲಿ ಹರಟೆಯಂತೆ ಬರೆದ, ಅಷ್ಟೇ” ಎಂದಳು. ಭಾರತದ ಇಂಗ್ಲಿಷಿಗೂ ಇಂಥದೇ ಹತ್ತು ಲಕ್ಷ ಪದಗಳ ಸಂಗ್ರಹವಿದೆ, 1978ರ ಬರಹಗಳದ್ದು, ಕೊಲ್ಹಾಪುರದಲ್ಲಿ ಸಿದ್ಧವಾದದ್ದು ಎಂದೂ ಸೇರಿಸಿದಳು.

ಕೆಟ್ಟದ್ದು ಅಲ್ಲೇ. ಮಂಡ್ಯದವರ ಮುಂದೆ ಕೊಲ್ಹಾಪುರದ ಹೆಸರು ಎತ್ತಬಹುದೇ?

“ನಮ್ಮ ಬೆಲ್ಲದ ಮುಂದೆ ಕೊಲ್ಹಾಪುರದ್ದು ಯಾವ ಲೆಕ್ಕ?” ಎಂದು ಪಾಂಡವಪುರದ ಅಣ್ಣ ಶುರು ಮಾಡಿದ. ಅಲ್ಲಿಂದ ಅರ್ಧ ಗಂಟೆ ಆಲೆಮನೆ. ಕೊಪ್ಪರಿಗೆಯಲ್ಲಿ ಉಕ್ಕುತ್ತಿದ್ದ ಕಬ್ಬಿನ ಹಾಲು, ತೆಗೆದು ಹಾಕುತ್ತಿದ್ದ ಮಡ್ಡಿ, ಅಚ್ಚಿಗೆ ಸುರಿಯುವ ಮೊದಲು ಕೊಬ್ಬರಿ ಚೂರಿನ ಜೊತೆ ಕದ್ದು ತಿಂದ ಬಿಸಿ ಬೆಲ್ಲ, ನಾಲಿಗೆ ಸುಟ್ಟುಕೊಂಡು ಅತ್ತವರು ಯಾರು ಎಂಬ ವಿಚಾರಣೆ. 67 ಲಕ್ಷಣಗಳ ಕಡೆ ಯಾರೂ ತಿರುಗಿ ನೋಡಲಿಲ್ಲ.

ದೊಡ್ಡಪ್ಪ ಬಿಡಲಿಲ್ಲ. “ನಮ್ಮ ಕಾಲದಲ್ಲಿ ಇಂಗ್ಲಿಷನ್ನು ಹೀಗೆ ಕತ್ತರಿಸುತ್ತಿರಲಿಲ್ಲ.” ಕತ್ತರಿಸುತ್ತಿದ್ದರು. 2013ರ ಜುಲೈಯಲ್ಲಿ ನಿಲ್ಲುವವರೆಗೂ ತಂತಿ ಸಂದೇಶಕ್ಕೆ, ಅಂದರೆ ಟೆಲಿಗ್ರಾಂಗೆ, ಪದದ ಲೆಕ್ಕದಲ್ಲಿ ದುಡ್ಡು ಕಟ್ಟಬೇಕಿತ್ತು. ವ್ಯಾಕರಣ ನೋಡುತ್ತಾ ಕೂತರೆ ಜೇಬು ಖಾಲಿ. ಅಜ್ಜಿಗೆ ಹುಷಾರಿಲ್ಲವೆಂದು ಸ್ವತಃ ದೊಡ್ಡಪ್ಪನೇ ಮೈಸೂರಿಗೆ ಕಳುಹಿಸಿದ್ದ ತಂತಿಯ ಚಿತ್ರವನ್ನು ಅತ್ತಿಗೆ ಗುಂಪಿಗೆ ಹಾಕಿದರು. ಹಳದಿಗಟ್ಟಿದ ಕಾಗದದ ಮೇಲೆ ಅಂಟಿಸಿದ ಪಟ್ಟಿ: ‘ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮಿಡಿಯೇಟ್ಲಿ’. ಕ್ಷೇಮ ಸಮಾಚಾರವೂ ಇಲ್ಲ, ಇಂತಿ ತಮ್ಮ ವಿಧೇಯ ಎಂಬುದೂ ಇಲ್ಲ.

“ಅದು ದುಡ್ಡು ಉಳಿಸಲು” ಎಂದರು ದೊಡ್ಡಪ್ಪ.

“ನಾನು ಸಮಯ ಉಳಿಸಲು ತಾತ” ಎಂದ ಮೊಮ್ಮಗ, ಈ ಸಲ ಪೂರ್ತಿ ವಾಕ್ಯದಲ್ಲಿ.

ಇಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಇಷ್ಟು ಹೊತ್ತು ಸುಮ್ಮನಿದ್ದ ಚಿಕ್ಕಪ್ಪ ಬಂದರು. “ಸರಿಯಾದ ಇಂಗ್ಲಿಷ್ ಎಂದರೆ ನಿಮ್ಮ ಮಗಳ ಲಗ್ನಪತ್ರಿಕೆಯಲ್ಲಿ ಇದ್ದದ್ದೇ ಅಣ್ಣ?” ಗುಂಪು ಗಪ್‌ಚಿಪ್. ಪತ್ರಿಕೆಯ ಕನ್ನಡದ ಬದಿಯಲ್ಲಿ ‘ಸುಖಾಗಮನ ಬಯಸುವವರು’ ಎಂದು ಚಿಕ್ಕಪ್ಪನ ಹೆಸರು ಪದವಿ ಸಮೇತ ಇತ್ತು. ಬೆಂಗಳೂರಿನವರಿಗೆಂದು ಅಚ್ಚು ಹಾಕಿಸಿದ ಇಂಗ್ಲಿಷ್ ಬದಿಯಲ್ಲಿ ಬಂಧುಗಳೆಲ್ಲ ಸೇರಿ ‘ನಿಯರ್ ಅಂಡ್ ಡಿಯರ್ ಒನ್ಸ್’ ಆಗಿದ್ದರು. ಆ ಸಿಟ್ಟಿನಲ್ಲಿ ಚಿಕ್ಕಪ್ಪ ಬೀಗರ ಔತಣಕ್ಕೇ ಬಂದಿರಲಿಲ್ಲ.

“ಇಂಗ್ಲಿಷ್ ಲಗ್ನಪತ್ರಿಕೆ ಇರುವುದೇ ಹಾಗೆ. ಪ್ರೆಸ್ಸಿನವರ ಬಳಿ ಮೊದಲೇ ಮಾದರಿ ಇರುತ್ತದೆ. ಕನ್ನಡದ್ದೇ ಬೇರೆ, ಅದರದ್ದೇ ಬೇರೆ” ಎಂದರು ದೊಡ್ಡಪ್ಪ.

“ಅಂದರೆ ಒಂದೊಂದು ಬರಹಕ್ಕೆ ಒಂದೊಂದು ಇಂಗ್ಲಿಷ್ ಇದೆ ಎಂದು ನೀವೇ ಒಪ್ಪಿದಂತಾಯಿತು ದೊಡ್ಡಪ್ಪ” ಎಂದು ತಂಗಿ ಹಿಡಿದಳು. ಕೇಳುವವರು ಯಾರು? ಕರಡು ತಿದ್ದಿದವರು ಯಾರು, ಸೀರೆ ಹಂಚುವಾಗಲೂ ಹೀಗೇ ಆಗಿತ್ತಲ್ಲವೇ, ನಿವೇಶನದ ಪಾಲಿನಲ್ಲಿ ಮೂಲೆ ಯಾರಿಗೆ ಹೋಯಿತು ಎಂದು ಮಾತು ಎತ್ತೆತ್ತಲೋ ಹರಿಯಿತು.

ದೊಡ್ಡಪ್ಪ ಸರ್ಕಾರಿ ಕಚೇರಿಯಲ್ಲಿ ವ್ಯವಸ್ಥಾಪಕರಾಗಿ ನಿವೃತ್ತರಾದವರು. ‘ಐ ಆಮ್ ಡೈರೆಕ್ಟೆಡ್’ ಎಂದು ಶುರುವಾಗುವ ಪತ್ರಗಳಲ್ಲಿ ಪಳಗಿದ ಕೈ. ಆ ಶೈಲಿಯಲ್ಲಿ ಕೆಲಸಗಳು ಆಗುತ್ತವೆ, ಮಾಡಿದವರು ಮಾತ್ರ ಸಿಕ್ಕುವುದಿಲ್ಲ; ಸಹಿ ಹಾಕಿದವನಿಗೆ ಅದೇ ರಕ್ಷೆ. ರಾತ್ರಿ ಹತ್ತರ ಹೊತ್ತಿಗೆ ಅವರ ಸಂದೇಶ ಬಂತು: “ಸದರಿ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ ಮುಕ್ತಾಯಗೊಳಿಸಲಾಗಿದೆ.”

ಚಿಕ್ಕಪ್ಪ ಕೂಡಲೇ ಕೇಳಿದರು: “ಮುಕ್ತಾಯಗೊಳಿಸಿದವರು ಯಾರು?”